ಸಾತಪುರದ ಕನ್ನಡ ಮನೆಗಳಿಗೆ, ಟೆನಿಸ್ ಆಡುವ ನಮ್ಮ ಹುಡುಗರ ವಿಷಯವಾಗಿ

ನಾಸಿಕದ ಸಾತಪುರ, ಅಂಬಡ, ಓಝರ್‌ನಲ್ಲಿರುವ, ಅತ್ತ ಛತ್ರಪತಿ ಸಂಭಾಜಿನಗರದ ವಾಳೂಜ್, ಚಿಕಲಠಾಣಾದಲ್ಲಿರುವ ಎಲ್ಲ ಕನ್ನಡ ಬಂಧುಗಳೇ,

ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳ ಕೆಲವು ಹುಡುಗರು ಟೆನಿಸ್ ಆಡುತ್ತಿದ್ದಾರೆ, ಚೆನ್ನಾಗಿಯೇ ಆಡುತ್ತಿದ್ದಾರೆ. ಅವರಲ್ಲಿ ಒಂದಿಬ್ಬರಿಗೆ ಜೂನಿಯರ್ ವಯಸ್ಸು ಮುಗಿಯುತ್ತ ಬಂತು, ಇನ್ನು ಗಂಡಸರ ಸಿಂಗಲ್ಸ್‌ಗೆ ಇಳಿಯಬೇಕು. ಪಿಎಫ್ ಮೇಲೆ ಸಾಲ ತೆಗೆಯೋಣವೇ, ಊರಿನ ಹೊಲ ಮಾರೋಣವೇ ಎಂಬ ಮಾತು ಆ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ನಡೆಯುತ್ತಿದೆ. ಹೊರಗೆ ಯಾರೂ ಬಾಯಿ ಬಿಡುವುದಿಲ್ಲ. ರಾಜ್ಯೋತ್ಸವಕ್ಕೆ ಸೇರಿದಾಗ ‘ಹುಡುಗ ಹೇಗಾಡುತ್ತಿದ್ದಾನೆ’ ಎಂದು ನಾವು ಕೇಳುತ್ತೇವೆ, ‘ಚಲೋ ನಡೆದಿದೆ’ ಎಂದು ಅವರು ಹೇಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಮಾತನ್ನು ಮುಂದುವರಿಸಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಬಿನ್ನಹ ಒಂದೇ: ಸಿಂಗಲ್ಸ್ ಆಡುವ ಹುಡುಗನ ಖರ್ಚನ್ನು ಒಂದೇ ಮನೆಯ ತಲೆಯ ಮೇಲೆ ಬಿಡಬೇಡಿ. ಮೊದಲ ಎರಡು ಮೂರು ವರ್ಷ ನಾವೆಲ್ಲ ಸೇರಿ ಹೊರೋಣ.

ನಾವೇ ಯಾಕೆ ಎಂದರೆ, ಈ ಊರಿಗೆ ನಾವು ಬಂದ ಬಗೆಯನ್ನು ನೆನೆಸಿಕೊಳ್ಳಿ. ಆಡುಗೋಡಿಯ ಮೈಕೊ ಕಾರ್ಖಾನೆಯ ನಾಸಿಕ ಘಟಕ ಸಾತಪುರದಲ್ಲಿ ಶುರುವಾದಾಗ ಬೆಂಗಳೂರಿನಿಂದ ವರ್ಗವಾಗಿ ಬಂದವರು ಕೆಲವರು. ಓಝರ್‌ನ ಎಚ್‌ಎಎಲ್‌ಗೆ ಮಿಗ್ ವಿಮಾನದ ಕೆಲಸಕ್ಕೆ ಬಂದವರು ಇನ್ನು ಕೆಲವರು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಸಣ್ಣ ವರ್ಕ್‌ಶಾಪ್‌ಗಳಿಗೆ ಬಂದು ಇಲ್ಲೇ ನೆಲೆ ನಿಂತವರು ಮತ್ತೂ ಕೆಲವರು. ಮೈಕೊ ಈಗ ಬಾಷ್ ಆಗಿದೆ, ತ್ರ್ಯಂಬಕ ರಸ್ತೆಯ ಮೈಕೊ ಸರ್ಕಲ್‌ಗೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಬಂದ ಹೊಸತರಲ್ಲಿ ಬಾಡಿಗೆ ಮನೆಗೆ ಡಿಪಾಸಿಟ್ ಇಲ್ಲದವನಿಗೆ ನಾಲ್ಕು ಮನೆಯವರು ಸೇರಿಸಿ ಕೊಟ್ಟದ್ದು, ಭಿಶಿ (ಚೀಟಿ) ಹಾಕಿ ಒಬ್ಬೊಬ್ಬರಾಗಿ ಪ್ಲಾಟ್ ಕೊಂಡದ್ದು ಹಿರಿಯರಿಗೆಲ್ಲ ಗೊತ್ತು. ಕೂಡಿ ಹಣ ಹಾಕುವುದು ನಮಗೆ ಹೊಸದೇನಲ್ಲ. ಆಟಕ್ಕಾಗಿ ಮಾತ್ರ ಯಾವತ್ತೂ ಹಾಕಿಲ್ಲ.

ಟೆನಿಸ್‌ನ ದೊಡ್ಡ ಪಂದ್ಯಗಳೂ ನಮ್ಮಿಂದ ದೂರವಿರಲಿಲ್ಲ. ಸಿನ್ನರ್, ಸಂಗಮನೇರ್ ದಾಟಿ ಇನ್ನೂರು ಕಿಲೋಮೀಟರ್ ಆಸುಪಾಸು ಹೋದರೆ ಪುಣೆ. ಅಲ್ಲಿನ ಬಾಲೇವಾಡಿಯ ಕ್ರೀಡಾಸಂಕೀರ್ಣದಲ್ಲಿ 2018ರಿಂದ 2023ರವರೆಗೆ, 2021 ಒಂದನ್ನು ಬಿಟ್ಟು, ಮಹಾರಾಷ್ಟ್ರ ಓಪನ್ ನಡೆಯಿತು. ಇಡೀ ದೇಶದಲ್ಲಿ ಆಗ ನಡೆಯುತ್ತಿದ್ದ ಎಟಿಪಿ ಟೂರ್ (ಗಂಡಸರ ವೃತ್ತಿಪರ ಟೆನಿಸ್‌ನ ಮೇಲಿನ ಹಂತ) ಟೂರ್ನಿ ಅದೊಂದೇ. ಇಪ್ಪತ್ತು ವರ್ಷಕ್ಕೂ ಮೇಲೆ ಚೆನ್ನೈನಲ್ಲಿದ್ದದ್ದು ಪುಣೆಗೆ ಬಂದಿತ್ತು. 2018ರಲ್ಲಿ ಫ್ರಾನ್ಸಿನ ಝೀಲ್ ಸಿಮೋನ್ ಗೆದ್ದರು. ಮರುವರ್ಷದ ಫೈನಲ್ ನಮ್ಮಲ್ಲಿ ಹಲವರಿಗೆ ಈಗಲೂ ನೆನಪಿರಬೇಕು. ದಕ್ಷಿಣ ಆಫ್ರಿಕಾದ ಕೆವಿನ್ ಆಂಡರ್ಸನ್ ಎದುರು 39 ವರ್ಷದ ಕ್ರೊವೇಷಿಯಾದ ಇವೊ ಕಾರ್ಲೊವಿಚ್. ಮೂರು ಸೆಟ್, ಮೂರೂ ಟೈಬ್ರೇಕ್. ಇಬ್ಬರೂ ಆರೂವರೆ ಅಡಿ ಮೀರಿದ ಆಳುಗಳು, ಸರ್ವ್ ಹೊಡೆದರೆ ಚೆಂಡು ಕಣ್ಣಿಗೆ ಬೀಳುವ ಮೊದಲು ಹಿಂದಿನ ಪರದೆಗೆ ಬಡಿದ ಸದ್ದು ಕೇಳುತ್ತಿತ್ತು. ಆಂಡರ್ಸನ್ ಗೆದ್ದರು. 2020ರಲ್ಲಿ ಯಿರಿ ವೆಸೆಲಿ, 2022ರಲ್ಲಿ ಪೋರ್ಚುಗಲ್‌ನ ಜೊವಾವ್ ಸೌಸಾ, 2023ರಲ್ಲಿ ನೆದರ್ಲೆಂಡ್ಸ್‌ನ ಟಾಲನ್ ಹ್ರಿಕ್ಸ್‌ಪೋರ್. ಆ ಕೊನೆಯ ಫೈನಲ್‌ನಲ್ಲಿ ಹ್ರಿಕ್ಸ್‌ಪೋರ್ ಮೊದಲ ಸೆಟ್ ಸೋತು, ಬೆಂಜಮಿನ್ ಬೊಂಜಿ ವಿರುದ್ಧ 4-6, 7-5, 6-3ರಿಂದ ಗೆದ್ದು ಬಾಳಿನ ಮೊದಲ ಎಟಿಪಿ ಸಿಂಗಲ್ಸ್ ಪ್ರಶಸ್ತಿ ಎತ್ತಿ ಹಿಡಿದರು. 2024ರಿಂದ ಆ ವಾರ ಹಾಂಗ್‌ಕಾಂಗ್‌ನ ಪಾಲಾಯಿತು. ಅದು ಹೋದದ್ದಕ್ಕೆ ನನಗೆ ಇವತ್ತಿಗೂ ಸಂಕಟವಿದೆ.

ಆ 2023ರ ಟೂರ್ನಿಯ ಮೊದಲ ಸುತ್ತಿನಲ್ಲೇ ನಮ್ಮ ಮಾತಿಗೆ ಬೇಕಾದ್ದು ಒಂದು ನಡೆಯಿತು. ವೈಲ್ಡ್ ಕಾರ್ಡ್ ಪಡೆದು ಆಡಿದ ಮಹಾರಾಷ್ಟ್ರದ ಮಾನಸ್ ಧಾಮಣೆಗೆ ಆಗ 15 ವರ್ಷ. ಎದುರಾಳಿ ಅಮೆರಿಕದ ಮೈಕಲ್ ಮೋ. 2-6, 4-6ರಲ್ಲಿ ಸೋತರೂ ಆ ಹುಡುಗ ದೊಡ್ಡವರ ಹೊಡೆತಕ್ಕೆ ಬೆದರಿ ಹಿಂದೆ ಸರಿಯಲಿಲ್ಲ, ಗೆರೆಯ ಮೇಲೇ ನಿಂತು ಆಡಿದ. ಅವತ್ತಿನಿಂದ ನಮ್ಮ ಓಣಿಗಳಲ್ಲೂ ಹುಡುಗರ ಕಿಟ್‌ಬ್ಯಾಗ್ ದೊಡ್ಡದಾಯಿತು, ಅಪ್ಪಂದಿರ ಆಸೆಯೂ ದೊಡ್ಡದಾಯಿತು. ಆಸೆಯನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಆ ಹದಿನೈದರ ಹುಡುಗ ನಿಂತಿದ್ದ ಜಾಗಕ್ಕೂ ಆಂಡರ್ಸನ್ ಕಪ್ ಎತ್ತಿದ ಜಾಗಕ್ಕೂ ನಡುವೆ ಏನೇನಿದೆ ಎಂಬುದನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲ. ಅದನ್ನೇ ಬಿಡಿಸಿ ಹೇಳುತ್ತೇನೆ.

ಗಂಡಸರ ಸಿಂಗಲ್ಸ್‌ನ ಕೆಳಗಿನ ಮೆಟ್ಟಿಲು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ (ಐಟಿಎಫ್) ನಡೆಸುವ 15 ಸಾವಿರ ಡಾಲರ್‌ನ ಟೂರ್ನಿ. ಮುಖ್ಯ ಡ್ರಾದಲ್ಲಿ 32 ಮಂದಿ. ಮೊದಲ ಸುತ್ತಿನಲ್ಲಿ ಸೋತ ಹದಿನಾರು ಜನಕ್ಕೆ ರ್‍ಯಾಂಕಿಂಗ್ ಪಾಯಿಂಟ್ ಸೊನ್ನೆ. ಗೆದ್ದವನಿಗೆ ಒಂದು. ಟೂರ್ನಿಯನ್ನೇ ಗೆದ್ದರೆ 15. ಇನ್ನು ಹಣ. 2024ರವರೆಗಿನ ಪಟ್ಟಿಯಲ್ಲಿ ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್, ಚಾಂಪಿಯನ್‌ಗೆ 2,160 ಡಾಲರ್. ಆಗಿನ ದರದಲ್ಲಿ 156 ಡಾಲರ್ ಎಂದರೆ ಹದಿಮೂರು ಸಾವಿರ ರೂಪಾಯಿಗೆ ತುಸು ಕಡಿಮೆ, ಅದರಲ್ಲೂ ತೆರಿಗೆ ಮುರಿದುಕೊಂಡು ಕೊಡುತ್ತಾರೆ. ಒಂದು ವಾರದ ಲಾಡ್ಜು, ರೈಲು, ಊಟ, ರಾಕೆಟ್‌ನ ಗಟ್ಟಿಂಗ್ ಸೇರಿಸಿ ನೋಡಿ, ಏನೂ ಉಳಿಯುವುದಿಲ್ಲ. ಅರ್ಹತಾ ಸುತ್ತಿನಲ್ಲೇ ಸೋತು ಬಂದವನಿಗೆ ಅದೂ ಇಲ್ಲ.

ವಿಶ್ವದ ಮೊದಲ ನೂರರೊಳಗೆ ಬರಲು ಸುಮಾರು 600 ಪಾಯಿಂಟ್ ಬೇಕು. ಹದಿನೈದರ ಲೆಕ್ಕದಲ್ಲಿ ನಲವತ್ತು ಟೂರ್ನಿ ಗೆಲ್ಲಬೇಕು, ಅದೂ 52 ವಾರದೊಳಗೆ. ಏಕೆಂದರೆ ಈ ವಾರ ಗಳಿಸಿದ ಪಾಯಿಂಟ್ ಮುಂದಿನ ವರ್ಷ ಇದೇ ವಾರಕ್ಕೆ ಬಿದ್ದುಹೋಗುತ್ತದೆ. ಇದು ಆಗದ ಮಾತು. ಹಾಗಾಗಿ ಹುಡುಗ ಮೇಲಿನ ಮೆಟ್ಟಿಲಿಗೆ ಏರಲೇಬೇಕು. ಅದು ಚಾಲೆಂಜರ್. ಅಲ್ಲಿ ಗೆದ್ದವನಿಗೆ ಟೂರ್ನಿಯ ದರ್ಜೆ ನೋಡಿ 50ರಿಂದ 175 ಪಾಯಿಂಟ್. ಬೆಂಗಳೂರು ಓಪನ್ ಈ ಬಗೆಯದು. ಅದರ ಮೇಲೆ ಎಟಿಪಿ 250, ಪುಣೆಯಲ್ಲಿ ನಾವು ನೋಡಿದ್ದು. ಅದಕ್ಕೂ ಮೇಲೆ ಮಾಸ್ಟರ್ಸ್, ಗ್ರಾಂಡ್‌ಸ್ಲಾಮ್. ಟಿವಿಯಲ್ಲಿ ಕಾಣುವುದು ಕೊನೆಯ ಎರಡೇ.

ಈ ಏಣಿಯಲ್ಲಿ ದುಡ್ಡು ಒಂದೇ ಸಮ ಏರುವುದಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ಕೈಯಿಂದ ಹೋಗುತ್ತಲೇ ಇರುತ್ತದೆ, ಒಂದು ಎತ್ತರ ದಾಟಿದ ಮೇಲೆ ಒಮ್ಮೆಲೇ ಬರತೊಡಗುತ್ತದೆ. ಇದನ್ನು ಅರಿಯಲು ಸುಮಿತ್ ನಾಗಲ್ ಅವರ ನಾಲ್ಕು ತಿಂಗಳನ್ನು ನೋಡಿದರೆ ಸಾಕು. 2023ರ ಸೆಪ್ಟೆಂಬರ್‌ನಲ್ಲಿ ಅವರು ಭಾರತದ ನಂಬರ್ ಒನ್ ಸಿಂಗಲ್ಸ್ ಆಟಗಾರ. ತನ್ನ ಬ್ಯಾಂಕ್ ಖಾತೆಯಲ್ಲಿರುವುದು 900 ಯೂರೊ, ಅಂದರೆ ಸುಮಾರು 80 ಸಾವಿರ ರೂಪಾಯಿ ಎಂದು ಅವರೇ ಬಾಯಿಬಿಟ್ಟು ಹೇಳಿದರು. ವರ್ಷವಿಡೀ ಟೂರ್ ತಿರುಗಲು 80 ಲಕ್ಷದಿಂದ ಒಂದು ಕೋಟಿಯವರೆಗೆ ಬೇಕು, ಅದೂ ಒಬ್ಬ ಕೋಚ್ ಮಾತ್ರ ಜೊತೆಗಿದ್ದರೆ, ಫಿಸಿಯೊ ಇಲ್ಲದೆ. 2024ರ ಜನವರಿಯಲ್ಲಿ ಅವರು ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತು ಗೆದ್ದು ಮುಖ್ಯ ಡ್ರಾಕ್ಕೆ ಬಂದರು, 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಗ್ರಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕದ ಆಟಗಾರನನ್ನು ಭಾರತೀಯನೊಬ್ಬ ಮಣಿಸಿದ್ದು, 1989ರಲ್ಲಿ ಅದೇ ಟೂರ್ನಿಯಲ್ಲಿ ರಮೇಶ್ ಕೃಷ್ಣನ್ ಮಾಟ್ಸ್ ವಿಲಾಂಡರ್‌ಗೆ ಸೋಲುಣಿಸಿದ ಮೇಲೆ ಅದೇ ಮೊದಲು. ಎರಡನೇ ಸುತ್ತಿನಲ್ಲಿ ಸೋತರೂ ಕೈಗೆ ಬಂದದ್ದು 1,80,000 ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ಕೋಟಿ ರೂಪಾಯಿಯ ಹತ್ತಿರ. ಮರುತಿಂಗಳು ಚೆನ್ನೈ ಚಾಲೆಂಜರ್ ಗೆದ್ದು ಮೊದಲ ನೂರರೊಳಗೆ ಬಂದರು, ಜುಲೈ ಹೊತ್ತಿಗೆ 68ಕ್ಕೆ ಏರಿದರು. ಅದೇ ಮನುಷ್ಯ, ಅದೇ ರಾಕೆಟ್. ಆ ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಅವರಿಗೆ ಆಸರೆಯಾಗಿ ಯಾರೂ ನಿಲ್ಲದೆ ಇದ್ದಿದ್ದರೆ ಬುಬ್ಲಿಕ್ ಪಂದ್ಯವೇ ಇರುತ್ತಿರಲಿಲ್ಲ.

ನಾಗಲ್ ಹರಿಯಾಣದ ಝಜ್ಜರ್ ಜಿಲ್ಲೆಯ ಹಳ್ಳಿಯಿಂದ ಬಂದವರು. ಚಿಕ್ಕಂದಿನಲ್ಲಿ ಮಹೇಶ್ ಭೂಪತಿಯವರ ತರಬೇತಿ ಯೋಜನೆಗೆ ಆಯ್ಕೆಯಾಗಿ ಬೆಂಗಳೂರಿಗೆ ಬಂದರು. 2017ರ ನವೆಂಬರ್‌ನಲ್ಲಿ ಅವರ ಮೊದಲ ಚಾಲೆಂಜರ್ ಪ್ರಶಸ್ತಿ ಬಂದದ್ದೂ ಬೆಂಗಳೂರಿನಲ್ಲೇ. ಬ್ರಿಟನ್ನಿನ ಜೇ ಕ್ಲಾರ್ಕ್ ಎದುರು 6-3, 3-6, 6-2. ಅದರ ಹಿಂದಿನ ವಾರ ಪುಣೆಯ ಚಾಲೆಂಜರ್‌ನಲ್ಲಿ ಯೂಕಿ ಭಾಂಬ್ರಿ ಗೆದ್ದಿದ್ದರು. ಮರುವರ್ಷ ಬೆಂಗಳೂರಿನಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಸಾಕೇತ್ ಮೈನೇನಿಯವರನ್ನು 6-2, 6-2ರಿಂದ ಸೋಲಿಸಿದರು, 2019ರ ಏಪ್ರಿಲ್‌ನಲ್ಲಿ 75ನೇ ಸ್ಥಾನ ಮುಟ್ಟಿದರು. ಮನೆಯ ಹತ್ತಿರ ನಡೆಯುವ ಟೂರ್ನಿ ಹುಡುಗರಿಗೆ ಏನು ಕೊಡುತ್ತದೆ ಎಂಬುದಕ್ಕೆ ಆ ಎರಡು ವರ್ಷಗಳೇ ಸಾಕ್ಷಿ. ವೀಸಾ ಬೇಡ, ವಿಮಾನ ಬೇಡ, ಅಮ್ಮನ ಕೈಯ ಅನ್ನ ಸಿಗುತ್ತದೆ, ಪಾಯಿಂಟೂ ಸಿಗುತ್ತದೆ.

ಬೆಂಗಳೂರು ಓಪನ್ ನಡೆಯುವುದು ಕಬ್ಬನ್ ಪಾರ್ಕ್‌ನೊಳಗಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ. ಆ ಕ್ರೀಡಾಂಗಣಕ್ಕೆ ಈಗ ಎಸ್.ಎಂ. ಕೃಷ್ಣ ಅವರ ಹೆಸರು. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದು ಆಮೇಲೆ 2004ರಿಂದ 2008ರವರೆಗೆ ನಮ್ಮ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದವರು, ಟೆನಿಸ್ ಸಂಸ್ಥೆಯ ಅಧ್ಯಕ್ಷರಾಗಿ ವರ್ಷಗಟ್ಟಲೆ ದುಡಿದವರು. ನೀವು ಊರಿಗೆ ಹೋದಾಗ ಟೂರ್ನಿಯ ವಾರ ಕೂಡಿಬಂದರೆ ದಯವಿಟ್ಟು ಅಲ್ಲಿಗೆ ಹೋಗಿ. ಫೈನಲ್‌ಗೆ ಬೇಡ. ಅರ್ಹತಾ ಸುತ್ತಿನ ದಿನ ಹೋಗಿ, ಮುಖ್ಯ ಕೋರ್ಟ್ ಬಿಟ್ಟು ಪಕ್ಕದ ಕೋರ್ಟಿನ ಬೇಲಿಗೆ ಆತು ನಿಲ್ಲಿ.

ನಾನು ಹಾಗೆ ನಿಂತಿದ್ದಾಗ ಕಂಡದ್ದನ್ನು ಹೇಳುತ್ತೇನೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ನಮ್ಮ ದೇಶದವನೇ. ಬೆಂಚಿನ ಮೇಲೆ ಮೂರು ರಾಕೆಟ್. ಎರಡನೇ ಸೆಟ್‌ನಲ್ಲಿ ಒಂದರ ಗಟ್ ಕಡಿಯಿತು. ಬೆಂಚಿಗೆ ಬಂದು ಉಳಿದೆರಡನ್ನು ಒಂದಕ್ಕೊಂದು ತಟ್ಟಿ, ಅಂಗೈಯಿಂದ ಒತ್ತಿ ನೋಡಿ, ಬಿಗಿ ಜಾಸ್ತಿ ಇದ್ದದ್ದನ್ನು ಆರಿಸಿಕೊಂಡು ಹೋದ. ಕೋಚ್ ಕೂರುವ ಕುರ್ಚಿ ಖಾಲಿ. ತಲೆಯ ಮೇಲೆ ಬಿಸಿಲು, ಐಸ್ ಟವೆಲ್ ತಂದುಕೊಡುವವರಿಲ್ಲ, ತಾನೇ ಡಬ್ಬದಿಂದ ತೆಗೆದು ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದ. ಮೂರನೇ ಸೆಟ್‌ನಲ್ಲಿ ಅಂತೂ ಗೆದ್ದ. ಕೈಕುಲುಕಿ ಹೊರಬಂದವನು ಸೀದಾ ಹೋದದ್ದು ಗಟ್ಟಿಂಗ್ ಮಾಡುವ ಮೇಜಿನ ಹತ್ತಿರ. ದರ ಕೇಳಿದ. ಸ್ವಲ್ಪ ಹೊತ್ತು ನಿಂತ. ಗಟ್ ಕಡಿದಿದ್ದ ಒಂದನ್ನೂ ಸಡಿಲಾಗಿದ್ದ ಇನ್ನೊಂದನ್ನೂ ಚೀಲದಿಂದ ತೆಗೆದಿದ್ದವನು ಒಂದನ್ನು ಮತ್ತೆ ಒಳಗಿಟ್ಟು ಒಂದನ್ನು ಮಾತ್ರ ಕೊಟ್ಟ. ಮರುದಿನ ಅವನ ಎದುರಿಗೆ ಆಡಿದವನ ಬೆಂಚಿನಲ್ಲಿ ಹೊಸ ಗಟ್ಟಿನ ಆರು ರಾಕೆಟ್‌ಗಳು ಪ್ಲಾಸ್ಟಿಕ್ ಕವರ್‌ನಲ್ಲೇ ಇದ್ದವು. ನಮ್ಮವನು ಸೋತ. ಗಟ್ಟಿಂಗ್ ಒಂದರಿಂದಲೇ ಸೋತ ಎಂದು ನಾನು ಹೇಳುವುದಿಲ್ಲ, ಎದುರಾಳಿ ಅವನಿಗಿಂತ ಚೆನ್ನಾಗಿಯೇ ಆಡಿದ. ಆದರೆ ಸಾವಿರ ಚಿಲ್ಲರೆ ರೂಪಾಯಿಗೆ ಹಿಂದೆಮುಂದೆ ನೋಡುತ್ತ ನಿಂತ ಹುಡುಗ ಮರುದಿನ 30-40ರಲ್ಲಿ ಎರಡನೇ ಸರ್ವ್ ಧೈರ್ಯವಾಗಿ ಹೊಡೆಯುವುದು ಕಷ್ಟ. ಹಣದ ಅಂಜಿಕೆ ತೋಳಿಗೆ ಇಳಿಯುತ್ತದೆ. ಆಡಿದವರನ್ನು ಕೇಳಿ ನೋಡಿ, ಹೌದೆನ್ನುತ್ತಾರೆ.

ಇದೇ ನೆಲದಲ್ಲಿ ಹೊರಗಿನವರು ಬಂದು ಏಣಿ ಏರಿ ಹೋಗಿದ್ದಾರೆ. ಅದಕ್ಕೆ ನನಗೆ ಅಸೂಯೆ ಇಲ್ಲ, ಕಲಿಯುವುದಿದೆ. ಆಸ್ಟ್ರೇಲಿಯಾದ ಮ್ಯಾಕ್ಸ್ ಪರ್ಸೆಲ್ 2023ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ಮೊದಲ ನೂರರಿಂದ ಬಹಳ ದೂರ ಇದ್ದರು. ಚೆನ್ನೈ ಗೆದ್ದರು. ಮರುವಾರ ಬೆಂಗಳೂರಿನ ಫೈನಲ್‌ನಲ್ಲಿ ತಮ್ಮದೇ ದೇಶದ ಜೇಮ್ಸ್ ಡಕ್‌ವರ್ತ್ ವಿರುದ್ಧ ಮೊದಲ ಸೆಟ್ ಸೋತು, ಕೊನೆಯ ಸೆಟ್ ಟೈಬ್ರೇಕ್‌ನಲ್ಲಿ ಗೆದ್ದರು. ಅದರ ಮರುವಾರ ಪುಣೆಯನ್ನೂ ಗೆದ್ದರು. ಒಂದೇ ದೇಶದಲ್ಲಿ, ಸಾಲಾಗಿ ಮೂರು ವಾರ. ಹಾಗೆ ಸುತ್ತು ಮುಗಿಸಿದಾಗ ಅವರು ಮೊದಲ ನೂರರೊಳಗಿದ್ದರು. ಟೂರ್ನಿಗಳು ಹೀಗೆ ಹತ್ತಿರ ಹತ್ತಿರ ಬಂದಾಗ ಖರ್ಚು ಹಂಚಿಹೋಗುತ್ತದೆ. ಒಂದು ಕಡೆ ಸೋತರೆ ರಾತ್ರಿ ಬಸ್ಸಿಗೆ ಇನ್ನೊಂದು ಊರು ಸೇರಬಹುದು. ನಮ್ಮ ಹುಡುಗರಿಗೆ ಈ ಅನುಕೂಲ ಪರ್ಸೆಲ್‌ಗಿಂತ ಹೆಚ್ಚೇ ಇದೆ. ಐಟಿಎಫ್ ಹಂತದಲ್ಲೂ ಧಾರವಾಡ, ಕಲಬುರಗಿ, ಮೈಸೂರು, ನವಿ ಮುಂಬಯಿ ಎಂದು ನಮ್ಮ ಎರಡು ರಾಜ್ಯಗಳಲ್ಲೇ ಗಂಡಸರ ಟೂರ್ನಿಗಳು ನಡೆದಿವೆ. 2023ರ ಡಿಸೆಂಬರ್‌ನಲ್ಲಿ ಕಲಬುರಗಿಯ ಫೈನಲ್‌ನಲ್ಲಿ ರಾಮಕುಮಾರ್ ರಾಮನಾಥನ್ ಆಸ್ಟ್ರಿಯಾದ ಡೇವಿಡ್ ಪಿಶ್ಲರ್ ಅವರನ್ನು 6-2, 6-1ರಿಂದ ಸೋಲಿಸಿದಾಗ ಸೊಲ್ಲಾಪುರದಿಂದ ಬಂದು ನೋಡಬಹುದಿತ್ತು, ಅಷ್ಟು ಹತ್ತಿರ. ಹುಡುಗನನ್ನು ಹದಿನೇಳಕ್ಕೇ ಸ್ಪೇನ್‌ಗೆ ಕಳಿಸಬೇಕೆಂದು ಹೊಲದ ಕಾಗದ ಹುಡುಕುತ್ತಿರುವವರು ಮೊದಲು ಈ ಊರುಗಳನ್ನು ಮುಗಿಸಿಕೊಂಡು ಬರಲಿ. ಇಲ್ಲಿನ ಕ್ವಾರ್ಟರ್ ಫೈನಲ್‌ಗಳಲ್ಲಿ ಕಾಣಿಸದವನು ಅಲ್ಲಿನ ಅರ್ಹತಾ ಸುತ್ತಿನಲ್ಲಿ ಕಾಣಿಸಲಾರ.

ವಾಲಂತಿನ್ ವಶರೊ ಅವರ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು. ಮೊನಾಕೊದ ಹುಡುಗ. 2024ರ ಫೆಬ್ರುವರಿಯಲ್ಲಿ ಪುಣೆಯ ಚಾಲೆಂಜರ್ ಗೆದ್ದರು, ಫೈನಲ್‌ನಲ್ಲಿ ಆಡಮ್ ವಾಲ್ಟನ್ ವಿರುದ್ಧ ಮೊದಲ ಸೆಟ್ ಸೋತು ಉಳಿದೆರಡನ್ನು ಟೈಬ್ರೇಕ್‌ನಲ್ಲಿ ಗೆದ್ದು. ನೋಡಲು ಜನ ಹೆಚ್ಚಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಇದೇ ವಶರೊ 204ನೇ ರ್‍ಯಾಂಕಿನಲ್ಲಿ ಶಾಂಘೈ ಮಾಸ್ಟರ್ಸ್‌ನ ಅರ್ಹತಾ ಸುತ್ತಿನಿಂದ ಶುರುಮಾಡಿ, ಸೆಮಿಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ಅವರನ್ನು, ಫೈನಲ್‌ನಲ್ಲಿ ತಮ್ಮ ಸ್ವಂತ ಕಸಿನ್ ಆರ್ತರ್ ರಿಂದರ್ಕ್ನೆಶ್ ಅವರನ್ನು ಸೋಲಿಸಿ ಕಪ್ ಗೆದ್ದರು. ಮಾಸ್ಟರ್ಸ್ ಗೆದ್ದವರಲ್ಲೇ ಅತಿ ಕೆಳಗಿನ ರ್‍ಯಾಂಕಿನವರು ಅವರು. ಬಹುಮಾನ ಹನ್ನೊಂದು ಲಕ್ಷ ಡಾಲರ್‌ಗೂ ಹೆಚ್ಚು. ಅವರ ಕೋಚ್ ಯಾರು ಗೊತ್ತೇ? ಮಲಸಹೋದರನಾದ ಅಣ್ಣ, ಬೆಂಜಮಿನ್ ಬಾಲೆರೆ. ಅಣ್ಣ ಕೋಚ್, ಎದುರಾಳಿ ಕಸಿನ್. ಸಿಂಗಲ್ಸ್ ಎನ್ನುತ್ತೇವೆ, ಕೋರ್ಟಿನಲ್ಲಿ ಒಬ್ಬನೇ ನಿಲ್ಲುತ್ತಾನೆ ನಿಜ, ಅವನನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ್ದು ಒಂದು ಮನೆತನ.

ಇನ್ನೂ ಒಂದು ಮಾತು ಇದೇ ಹೆಸರುಗಳಲ್ಲಿ ಅಡಗಿದೆ. ವಶರೊ, ರಿಂದರ್ಕ್ನೆಶ್ ಇಬ್ಬರೂ ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಪುಣೆಯಲ್ಲಿ ಗೆದ್ದ ಆಂಡರ್ಸನ್ ಇಲಿನಾಯ್ ವಿಶ್ವವಿದ್ಯಾಲಯದವರು. ನಮ್ಮ ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡುತ್ತ 2007, 2008ರಲ್ಲಿ ಅಮೆರಿಕದ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದವರು. ಪುಣೆಯ ಅರ್ಜುನ್ ಕಾಢೆ ಓಕ್ಲಹೋಮಾ ಸ್ಟೇಟ್‌ನಲ್ಲಿ ಓದಿದವರು. ಓದುತ್ತಲೇ ಆಡಿದವರು ಇವರು. ಆದ್ದರಿಂದ ಅಪ್ಪಂದಿರಲ್ಲಿ ಕೈಮುಗಿದು ಕೇಳುತ್ತೇನೆ: ಹನ್ನೆರಡನೇ ಕ್ಲಾಸು ಬಿಡಿಸಬೇಡಿ. ಶಾಲೆ ಬಿಡಿಸಿದರೆ ಬೆಳಿಗ್ಗೆ ಎರಡು ಗಂಟೆ ಹೆಚ್ಚು ಆಡಬಹುದು, ಅಷ್ಟೆ. ಕಾಲೇಜಿನ ಈ ದಾರಿ ಮಾತ್ರ ಮುಚ್ಚಿಹೋಗುತ್ತದೆ. ಅಲ್ಲಿ ನಾಲ್ಕು ವರ್ಷ ಕೋಚ್, ಜಿಮ್, ಪ್ರಯಾಣ ಎಲ್ಲ ಸ್ಕಾಲರ್‌ಶಿಪ್‌ನಲ್ಲಿ ನಡೆಯುತ್ತದೆ. ಮೈ ಬಲಿಯುವ ಹೊತ್ತಿಗೆ ಕೈಯಲ್ಲಿ ಡಿಗ್ರಿಯೂ ಇರುತ್ತದೆ.

ರೋಹನ್ ಬೋಪಣ್ಣ ಅವರನ್ನು ಹೇಳದೆ ಕನ್ನಡಿಗರಿಗೆ ಟೆನಿಸ್ ಪತ್ರ ಬರೆಯಲಾಗದು. ಕೊಡಗಿನ ಬೋಪಣ್ಣ ಸಿಂಗಲ್ಸ್‌ನಲ್ಲಿ ಏರಿದ್ದು 213ರವರೆಗೆ, 2007ರಲ್ಲಿ. ಆಮೇಲೆ ಡಬಲ್ಸ್‌ಗೆ ಹೊರಳಿದರು. 2022ರಲ್ಲಿ ಬಾಲೇವಾಡಿಯಲ್ಲೇ ರಾಮಕುಮಾರ್ ಜೊತೆ ಮಹಾರಾಷ್ಟ್ರ ಓಪನ್ ಡಬಲ್ಸ್ ಗೆದ್ದರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನ ವಿಶ್ವ ನಂಬರ್ ಒನ್ ಆದರು. 2025ರ ನವೆಂಬರ್‌ನಲ್ಲಿ ಆಟಕ್ಕೆ ವಿದಾಯ ಹೇಳಿದರು. ಸಿಂಗಲ್ಸ್‌ನಲ್ಲಿ 213ಕ್ಕೆ ನಿಂತದ್ದನ್ನು ಯಾರೂ ಸೋಲೆಂದು ಕರೆಯಲಾರರು. ನಮ್ಮ ಹುಡುಗನೊಬ್ಬ 600ಕ್ಕೆ ಬಂದು ನಿಂತು, ‘ಕಾಕಾ, ನನಗಿನ್ನು ಸಾಕು, ಡಬಲ್ಸ್ ಆಡುತ್ತೇನೆ’ ಎಂದೋ ‘ಕೋಚಿಂಗ್ ಮಾಡುತ್ತೇನೆ’ ಎಂದೋ ಹೇಳಿದರೆ ನಾವು ಅದೇ ಗೌರವದಿಂದ ಕೇಳಿಸಿಕೊಳ್ಳಬೇಕು. ಅದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳೋಣ.

ಇನ್ನು ನನ್ನ ಯೋಚನೆ. ನಾವು ಭಿಶಿ ಹಾಕುವಂತೆಯೇ ತಿಂಗಳಿಗಿಷ್ಟು ಎಂದು ಮನೆಗೊಂದು ಮೊತ್ತ ಹಾಕೋಣ. ಎಷ್ಟು ಎಂಬುದನ್ನು ಸೇರಿ ತೀರ್ಮಾನಿಸೋಣ. ಫಸ್ಟ್ ಶಿಫ್ಟಿನ ಹೆಲ್ಪರ್‌ಗೂ ಭಾರವಾಗದಷ್ಟು ಇರಬೇಕು, ಇದ್ದವರು ಹೆಚ್ಚು ಹಾಕಲಿ. ಭಿಶಿಯಲ್ಲಿ ಪಾಳಿ ಬಂದಾಗ ಹಣ ವಾಪಸ್ ಬರುತ್ತದೆ, ಇದರಲ್ಲಿ ಬರುವುದಿಲ್ಲ. ಇದನ್ನು ಮೊದಲೇ ಬಿಚ್ಚಿ ಹೇಳಿಬಿಡುತ್ತೇನೆ. ಹುಡುಗ ದೊಡ್ಡವನಾದ ಮೇಲೆ ತೀರಿಸಬೇಕೆಂಬ ಕರಾರೂ ಬೇಡ. ಗೆದ್ದರೆ ಪಾಲು ಕೊಡುತ್ತೇನೆಂದು ಹದಿನೆಂಟರ ಹುಡುಗನಿಂದ ಕಾಗದ ಬರೆಸಿಕೊಂಡವರ ಕಥೆ ನಾನು ಕೇಳಿದ್ದೇನೆ, ಆ ಹುಡುಗರು ಪ್ರತಿ ಪಾಯಿಂಟಿನ ಹಿಂದೆ ಸಾಲಗಾರನ ಮುಖ ಕಾಣುತ್ತಾರೆ. ನಮ್ಮಲ್ಲಿ ಅದು ಬೇಡವೇ ಬೇಡ.

ಆ ಹಣದಿಂದ ಏನು ಕೊಡಬೇಕು? ದೇಶದೊಳಗಿನ ಐಟಿಎಫ್ ಟೂರ್ನಿಗಳ ಪ್ರಯಾಣ, ತಂಗುವುದು, ಗಟ್ಟಿಂಗ್, ಬೂಟು. ಬೂಟು ಎಂದಾಗ ನಗಬೇಡಿ. ಸಿಮೆಂಟಿನ ಹಾರ್ಡ್ ಕೋರ್ಟಿನಲ್ಲಿ ದಿನಾ ಆಡುವವನ ಬೂಟಿನ ಮುಂದಿನ ತುದಿ ಒಂದೆರಡು ತಿಂಗಳಲ್ಲಿ ಸವೆದು ಬೆರಳು ತೋರುತ್ತದೆ. ಅಪ್ಪ-ಅಮ್ಮನಲ್ಲಿ ಒಬ್ಬರು ಜೊತೆ ಹೋಗುವ ಖರ್ಚನ್ನೂ ಮೊದಲ ವರ್ಷ ಇದರಲ್ಲೇ ಸೇರಿಸೋಣ. ವಿದೇಶದ ಅಕಾಡೆಮಿ ಫೀಸು ಮಾತ್ರ ಬೇಡ, ಅದು ನಮ್ಮ ಕೈಗೆ ಮೀರಿದ್ದು, ಮೊದಲ ಎರಡು ವರ್ಷಕ್ಕೆ ಬೇಕಾಗಿಯೂ ಇಲ್ಲ. ಹುಡುಗಿಯರಿಗೂ ಇದೇ ನಿಧಿ, ಇದೇ ನಿಯಮ. ಈ ಪತ್ರದಲ್ಲಿ ಹುಡುಗರ ಮಾತು ಬಂದದ್ದು ಈ ವರ್ಷ ದೊಡ್ಡವರ ಸಿಂಗಲ್ಸ್‌ಗೆ ಇಳಿಯುತ್ತಿರುವವರು ಹುಡು‌ಗರೆಂದಷ್ಟೇ.

ಎಲ್ಲಿಯವರೆಗೆ? ಎರಡು ವರ್ಷ ಕೊಟ್ಟು ಆಮೇಲೆ ಹುಡುಗ, ಅವನ ಕೋಚ್, ಮನೆಯವರು ಕೂತು ಮಾತಾಡಲಿ. ಚಾಲೆಂಜರ್‌ನ ಅರ್ಹತಾ ಸುತ್ತಿಗೆ ಪ್ರವೇಶ ಸಿಗುವಷ್ಟು ರ್‍ಯಾಂಕ್ ಬಂದಿದ್ದರೆ ಇನ್ನೊಂದು ವರ್ಷ. ಅಲ್ಲಿಂದ ಮೇಲೆ ಬೇರೆ ಆಸರೆಗಳಿವೆ. 2024ರಿಂದ ಎಟಿಪಿಯೇ ಮೊದಲ 250 ಸಿಂಗಲ್ಸ್ ಆಟಗಾರರಿಗೆ ಕನಿಷ್ಠ ಆದಾಯದ ಭರವಸೆ ಕೊಡುತ್ತಿದೆ. ಮೊದಲ ನೂರಕ್ಕೆ ಮೂರು ಲಕ್ಷ ಡಾಲರ್, 101ರಿಂದ 175ಕ್ಕೆ ಒಂದೂವರೆ ಲಕ್ಷ, 176ರಿಂದ 250ಕ್ಕೆ 75 ಸಾವಿರ ಎಂದು ಶುರುಮಾಡಿದರು. ಬಹುಮಾನದ ಹಣ ಅದಕ್ಕಿಂತ ಕಡಿಮೆ ಬಿದ್ದರೆ ಉಳಿದದ್ದನ್ನು ಅವರು ತುಂಬುತ್ತಾರೆ. 220-230ರ ಒಳಗೆ ಬಂದವನಿಗೆ ಗ್ರಾಂಡ್‌ಸ್ಲಾಮ್‌ನ ಅರ್ಹತಾ ಸುತ್ತಿನ ಬಾಗಿಲು ತೆರೆಯುತ್ತದೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಮೊದಲ ಸುತ್ತಿನಲ್ಲೇ ಸೋತವನಿಗೂ 31,250 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಅಂದರೆ ಮೇಲಿದ್ದವರನ್ನು ನೋಡಿಕೊಳ್ಳಲು ಈಗ ವ್ಯವಸ್ಥೆ ಇದೆ. 250ರ ಕೆಳಗೆ, 300ರಿಂದ 1,500ರವರೆಗಿನ ಆ ಉದ್ದನೆಯ ಹಾದಿಯಲ್ಲಿ ಯಾರೂ ಇಲ್ಲ. ಎಷ್ಟೋ ಮನೆಗಳು ಮುರಿದದ್ದು ಅಲ್ಲೇ. ನಾವು ನಿಲ್ಲಬೇಕಾದದ್ದೂ ಅಲ್ಲೇ.

ಕೆಲವರು ಈಗಾಗಲೇ ನನ್ನ ಹತ್ತಿರ ಹೇಳಿದ್ದಾರೆ: ‘ಕ್ಯಾನ್ಸರ್ ಆದವರಿಗೆ, ಫೀಸು ಕಟ್ಟಲಾಗದವರಿಗೆ ಕೊಡುವುದು ಬಿಟ್ಟು ಆಟಕ್ಕೆ ಕೊಡಬೇಕೆ?’ ನ್ಯಾಯವಾದ ಪ್ರಶ್ನೆ. ಅವರಿಗೆ ಕೊಡುವುದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಬಾರದು. ಇದು ಬೇರೆ ಖಾತೆ, ಮನಸ್ಸಿದ್ದವರು ಮಾತ್ರ ಹಾಕಲಿ. ಆದರೆ ಮಕ್ಕಳನ್ನು ಮುಂಜಾನೆ ಐದಕ್ಕೆ ಎಬ್ಬಿಸಿ ಕೋರ್ಟಿಗೆ ಬಿಟ್ಟು ಫಸ್ಟ್ ಶಿಫ್ಟಿಗೆ ಓಡುವ ತಾಯಂದಿರನ್ನು ನಾನು ಬಲ್ಲೆ. ಹುಡುಗನ ಶರ್ಟಿನ ಬೆನ್ನಿನ ಉಪ್ಪಿನ ಕಲೆ ಉಜ್ಜುತ್ತ ‘ಇವನು ಆಡಬಲ್ಲ, ನಮ್ಮ ಕೈಲಿ ಆಗುತ್ತಿಲ್ಲ’ ಎಂದು ಅವರು ಹೇಳುವಾಗ ಅದೂ ಒಂದು ಕಷ್ಟವೇ. ಆ ಕಷ್ಟಕ್ಕೆ ಹೆಗಲು ಕೊಡುವಷ್ಟು ನಾವು ಈಗ ಗಟ್ಟಿಯಾಗಿದ್ದೇವೆ.

ಇನ್ನೊಬ್ಬರು, ಕಂಪನಿಗಳ ಸಿಎಸ್‌ಆರ್ ಹಣ ಕೇಳೋಣ ಎಂದರು. ಕೇಳೋಣ, ಅವಶ್ಯ ಕೇಳೋಣ. ಸಾತಪುರ, ಅಂಬಡ, ವಾಳೂಜ್‌ನಲ್ಲಿ ಕಾರ್ಖಾನೆಗಳಿಗೆ ಕೊರತೆಯಿಲ್ಲ. ನಾಸಿಕದಲ್ಲೋ ಸಂಭಾಜಿನಗರದಲ್ಲೋ ವರ್ಷಕ್ಕೊಂದು 15 ಸಾವಿರ ಡಾಲರ್‌ನ ಗಂಡಸರ ಟೂರ್ನಿ ಖಾಯಂ ಆಗಿ ನಡೆಯುವಂತಾದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ, ನಮ್ಮ ಹುಡುಗರಿಗೆ ವೈಲ್ಡ್ ಕಾರ್ಡ್ ಸಿಗಬಹುದು, ಮನೆಯಿಂದಲೇ ಹೋಗಿ ಆಡಬಹುದು. ಆದರೆ ಕೇಳಲು ಹೋದಾಗ ನಾವು ಏನು ಮಾಡಿದ್ದೇವೆ ಎಂದು ಅವರು ಮೊದಲು ನೋಡುತ್ತಾರೆ. ಒಂದು ವರ್ಷದ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಲೆಕ್ಕ ಎಲ್ಲರಿಗೂ ಕಾಣುವಂತಿರಲಿ. ಖಾತೆ ಮೂವರ ಹೆಸರಿನಲ್ಲಿರಲಿ, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಆಡುವ ಹುಡುಗರ ಮನೆಯವರು ಆ ಮೂವರಲ್ಲಿ ಬೇಡ. ಯಾವ ಹುಡುಗನಿಗೆ ಎಂಬುದನ್ನು ನಾವು ಆರಿಸುವುದು ಬೇಡ, ಟೆನಿಸ್ ಗೊತ್ತಿರುವ ಹೊರಗಿನ ಕೋಚ್ ಇಬ್ಬರು ನೋಡಿ ಹೇಳಲಿ. ಸೋತು ಬಂದ ಹುಡುಗನನ್ನು ‘ನಮ್ಮ ದುಡ್ಡು ಏನಾಯಿತು’ ಎಂದು ಕೇಳುವ ಹಕ್ಕು ಹಣ ಹಾಕಿದ ಯಾರಿಗೂ ಇರಬಾರದು, ಇದನ್ನು ಮೊದಲ ನಿಯಮವಾಗಿ ಬರೆಯೋಣ.

ಯುಗಾದಿಗೆ ಎಲ್ಲರೂ ಸೇರುತ್ತೇವಲ್ಲ, ಅವತ್ತು ಊಟದ ನಂತರ ಒಂದು ಗಂಟೆ ಇದಕ್ಕೆ ಕೊಡಿ. ಆಡುವ ಹುಡುಗರ ತಂದೆ-ತಾಯಿ ಹೋದ ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ, ನಾಚಿಕೊಂಡು ಯಾವುದನ್ನೂ ಕಡಿಮೆ ಮಾಡಬೇಡಿ. ಸಂಭಾಜಿನಗರದವರು ಬರಲಾಗದಿದ್ದರೆ ಒಬ್ಬರನ್ನಾದರೂ ಕಳಿಸಿ. ಹುಡುಗರೂ ಬರಲಿ, ಅವರಿಗೇನು ಬೇಕೆಂಬುದನ್ನು ಅವರ ಬಾಯಿಂದಲೇ ಕೇಳೋಣ.

ನಿಮ್ಮವನೇ ಆದ,
ಸಾತಪುರದ ಒಬ್ಬ ಕನ್ನಡಿಗ